ಕೊನೆಯ ಚರಣಕ್ಕೆ ಮುಂಚೆ: ಕೊಡಗಿನ ಒಂದು ಹಾಡಿನ ಕೂಟದ ಪ್ರಕರಣ

ಸುಬೇದಾರರು ಎದ್ದು ಹೊರಗೆ ಹೋದಾಗ ಹಾಡು ಮುಗಿದಿರಲಿಲ್ಲ. ಕೊನೆಯ ಚರಣ ಬಾಕಿ ಇರುವಾಗಲೇ ಅದನ್ನು ನಿಲ್ಲಿಸಿ ‘ಏನನ್ನಿಸಿತು?’ ಎಂದು ಕೇಳಿದವನು ನಾನು. ಮುಂದೆ ನಡೆದದ್ದಕ್ಕೆಲ್ಲ ಮೂಲ ಆ ಒಂದು ಬೆರಳಿನ ಕೆಲಸ ಎಂದು ನನಗೆ ತಿಳಿಯುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿತ್ತು.

ಯುದ್ಧ, ಜಾತಿ, ಬಡತನದ ಬಗ್ಗೆ ಬಂದ ಹಳೆಯ ಪ್ರತಿಭಟನೆಯ ಹಾಡುಗಳನ್ನು ಹತ್ತು ಜನರ ಮುಂದೆ ಹಾಕಿ ಮಾತಾಡಿಸುವ ಆಸೆ ಇರುವ ಮೇಷ್ಟರುಗಳಿಗೆ, ಓದುಗರ ಬಳಗ ನಡೆಸುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ, ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆ ಎಂದರೆ ಸಾಕು. ಯಾರ ಗುರುತೂ ಸಿಗದಂತೆ ವಯಸ್ಸು, ಮನೆ, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ.

ಹಿನ್ನೆಲೆ

ನಾನು ಮೈಸೂರು ಕಡೆಯವನು. ಹೈಸ್ಕೂಲಿನ ಕನ್ನಡ ಮೇಷ್ಟರಾಗಿ ಇಲ್ಲಿಗೆ ಬಂದು, ನಿವೃತ್ತನಾಗಿ, ಇಲ್ಲೇ ಉಳಿದೆ. ಪೇಟೆಯಲ್ಲಿ ನಮ್ಮದೊಂದು ಬಳಗ ಇದೆ. ಮಳೆಗಾಲದಲ್ಲಿ ತೋಟದಲ್ಲಿ ಕೊಯ್ಲಿಲ್ಲ, ಊರಲ್ಲಿ ಮದುವೆಗಳಿಲ್ಲ, ಜನಕ್ಕೆ ಸ್ವಲ್ಪ ಬಿಡುವು. ಹಾಗಾಗಿ ಜೂನ್‌ನಿಂದ ನವೆಂಬರ್‌ವರೆಗೆ ತಿಂಗಳ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ ಸೇರುತ್ತೇವೆ. ಆರು ಗಂಟೆಗೆ ಮುಗಿಸಲೇಬೇಕು, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ. ನಾವು ಸೇರುವ ಹಾಲಿಗೆ ಶೀಟಿನ ಮಾಡು. ಜೋರು ಮಳೆ ಹಿಡಿದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಬಿಡುವವರೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕು.

ಬರುವವರು ಇಪ್ಪತ್ತು, ಇಪ್ಪತ್ತೈದು ಮಂದಿ. ಅವರಲ್ಲಿ ಐದಾರು ಜನ ಮಿಲಿಟ್ರಿಯಿಂದ ಬಂದವರು, ಆ ಸುಬೇದಾರರೂ ಅವರಲ್ಲೊಬ್ಬರು. ಕೊಡಗಿನಲ್ಲಿ ಇದೇನೂ ವಿಶೇಷವಲ್ಲ. 1949ರ ಜನವರಿ 15ರಂದು ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಈ ನೆಲದವರು. 1957ರಿಂದ 61ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಇಲ್ಲಿಯವರೇ. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ನಡೆಸುತ್ತಿದ್ದಾಗಲೇ ಅವರು ತೀರಿಕೊಂಡರು. ಮಡಿಕೇರಿಯ ಅವರ ಮನೆ ಈಗ ಮ್ಯೂಸಿಯಂ. ಆದರೆ ನಾನು ಹೇಳಬೇಕಾದ್ದು ದೊಡ್ಡವರ ಕಥೆಯನ್ನಲ್ಲ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸುವ ಪದ್ಧತಿ ಇರುವ ನಾಡಿದು. ಕೋವಿಯ ಸದ್ದಿಗೇ ಇಷ್ಟು ಅರ್ಥ ಇರುವ ಕಡೆ ಯುದ್ಧ ಬೇಡ ಎನ್ನುವ ಹಾಡನ್ನು ಹಾಕುವುದು ಮೈಸೂರಿನ ಯಾವುದೋ ಸಭಾಂಗಣದಲ್ಲಿ ಹಾಕಿದಂತೆ ಆಗುವುದಿಲ್ಲ.

ಇದೇ ಹಾಲಿಗೆ ಕಾಫಿ ತೋಟದವರು ಬರುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಬರುತ್ತಾರೆ, ಡಿಗ್ರಿ ಓದುವ ಮಕ್ಕಳು ಬರುತ್ತಾರೆ. ಆ ಮಕ್ಕಳಲ್ಲಿ ಒಬ್ಬ ತೋಟದ ಕೂಲಿಯವರ ಲೈನ್‌ಮನೆಯಿಂದ ಬರುವ, ಎರವ ಬುಡಕಟ್ಟಿನ ಹುಡುಗ. ಅವನು ಯಾವಾಗಲೂ ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂರುತ್ತಿದ್ದ. ಅವನ ತಾಯಿ ಕೆಲಸ ಮಾಡುವ ತೋಟದ ಸಾಹುಕಾರರು ಮುಂದಿನ ಸಾಲಿನ ಕುರ್ಚಿಯಲ್ಲಿ. ಇಷ್ಟೂ ನನಗೆ ಮೊದಲೇ ಗೊತ್ತಿತ್ತು. ಆದರೂ ಜೂನ್‌ನಲ್ಲಿ ಹಾಡಿನ ಪಟ್ಟಿ ಮಾಡುವಾಗ ನನ್ನ ತಲೆಯಲ್ಲಿದ್ದದ್ದು ಅಮೆರಿಕ ಮತ್ತು ವಿಯೆಟ್ನಾಂ ಮಾತ್ರ.

ಮೊದಲ ಕೂಟಕ್ಕೆ ಅಮೆರಿಕದ ಗಾಯಕ ಪೀಟ್ ಸೀಗರ್‌ರ ‘ವೇರ್ ಹ್ಯಾವ್ ಆಲ್ ದ ಫ್ಲವರ್ಸ್ ಗಾನ್’ ಹಾಕಿದೆ. ರಷ್ಯಾದ ಲೇಖಕ ಶೋಲೊಖೋವ್‌ರ ಕಾದಂಬರಿಯೊಂದರಲ್ಲಿ ಬರುವ ಕೊಸಾಕರ ಜನಪದ ಗೀತೆಯ ಎಳೆ ಹಿಡಿದು ಸೀಗರ್ 1955ರಲ್ಲಿ ಬರೆದದ್ದು. ಅವರು ಬರೆದದ್ದು ಮೂರೇ ಚರಣ. ಹೂವನ್ನು ಹುಡುಗಿಯರು ಕಿತ್ತರು, ಹುಡುಗಿಯರಿಗೆ ಮದುವೆಯಾಯಿತು, ಗಂಡಂದಿರು ಸೈನ್ಯಕ್ಕೆ ಹೋದರು, ಅಷ್ಟೇ. ಜೋ ಹಿಕರ್‌ಸನ್ ಎಂಬ ಗಾಯಕ ಮುಂದೆ ಇನ್ನೆರಡು ಚರಣ ಸೇರಿಸಿದ ಮೇಲೆ ಸೈನಿಕರು ಗೋರಿ ಸೇರುತ್ತಾರೆ, ಗೋರಿಯ ಮೇಲೆ ಮತ್ತೆ ಹೂವು. ಹಾಡು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ‘ನೋಡಿ, ಕೊನೆಯ ಚರಣಗಳು ಹಾಡನ್ನೇ ಬೇರೆ ಮಾಡಿಬಿಟ್ಟವು’ ಎಂದು ನಾನು ಕೈಯಾಡಿಸಿ ಹೇಳಿದ್ದು ನೆನಪಿದೆ. ಹೇಳಿದವನೇ ತಿಂಗಳೊಳಗೆ ಮರೆತ.

ಎಲ್ಲರೂ ಮೆಚ್ಚಿದರು. ಮಗ ಉತ್ತರದಲ್ಲೆಲ್ಲೋ ಗಡಿಯಲ್ಲಿರುವ ಅಕ್ಕ ಒಬ್ಬರು ಮಾತ್ರ ಹೋಗುವಾಗ, ‘ಹಾಡು ಚೆನ್ನಾಗಿದೆ ಮೇಷ್ಟ್ರೇ, ಆದ್ರೆ ನಮ್ಮನೇಲಿ ಹಾಕಿದ್ರೆ ಅತ್ತೆ ಬೈತಾರೆ. ಗೋರಿ ಗೀರಿ ಅಂತ ಬರುತ್ತಲ್ಲ’ ಎಂದರು. ನಾನು ನಕ್ಕುಬಿಟ್ಟೆ. ಆ ಸಂಜೆ ಹುಟ್ಟಿದ ನಿಜವಾದ ಪ್ರತಿಕ್ರಿಯೆ ಅದೊಂದೇ ಆಗಿತ್ತು.

ಎದ್ದು ಹೋದ ದಿನ

ಜುಲೈಯಲ್ಲಿ ಹಾಕಿದ್ದು ‘ಯೂನಿವರ್ಸಲ್ ಸೋಲ್ಜರ್’. ಗಾಯಕಿ ಬಫಿ ಸೇಂಟ್ ಮೇರಿ ಬರೆದು 1964ರ ತಮ್ಮ ಮೊದಲ ಆಲ್ಬಂನಲ್ಲಿ ಹಾಡಿದ್ದು. ಮರುವರ್ಷ ಡೊನೊವನ್ ಹಾಡಿ ಜಗತ್ತಿಗೆಲ್ಲ ಹಬ್ಬಿಸಿದರು. ವಿಯೆಟ್ನಾಂನಿಂದ ಗಾಯಾಳು ಸೈನಿಕರನ್ನು ಕರೆತರುವುದನ್ನು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ನೋಡಿ, ಆಮೇಲೆ ಟೊರಾಂಟೊದ ಒಂದು ಕಾಫಿ ಅಂಗಡಿಯ ನೆಲಮಾಳಿಗೆಯಲ್ಲಿ ಕೂತು ಅವರು ಇದನ್ನು ಬರೆದರು. (ಕಾಫಿಯ ಮಾತು ಬಂದಾಗ ಹಾಲಿನಲ್ಲಿ ನಗು ಎದ್ದಿತ್ತು. ಆ ದಿನದ ಕೊನೆಯ ನಗು.)

ಹಾಡಿನ ಹೂರಣ ಸರಳ. ಸೈನಿಕ ಎತ್ತರದವನೂ ಹೌದು, ಗಿಡ್ಡನೂ ಹೌದು. ಈಟಿ ಹಿಡಿದವನೂ ಅವನೇ, ಕ್ಷಿಪಣಿ ಹಿಡಿದವನೂ ಅವನೇ. ಹದಿನೇಳರ ಹುಡುಗ, ಮೂವತ್ತೊಂದರ ಗಂಡಸು. ಕ್ಯಾಥೊಲಿಕ್, ಹಿಂದೂ, ನಾಸ್ತಿಕ, ಜೈನ, ಬೌದ್ಧ, ಯಹೂದಿ ಎಲ್ಲವೂ ಅವನೇ. ಕೊಲ್ಲಬಾರದೆಂದು ಅವನಿಗೆ ಗೊತ್ತು, ಕೊಲ್ಲುತ್ತಾನೆಂದೂ ಗೊತ್ತು. ಅವನಿಲ್ಲದಿದ್ದರೆ ಹಿಟ್ಲರ್ ಏನು ಮಾಡುತ್ತಿದ್ದ, ಸೀಸರ್ ಒಂಟಿಯಾಗಿ ನಿಲ್ಲುತ್ತಿದ್ದ. ಅವನಿಲ್ಲದೆ ಈ ಕೊಲೆ ಮುಂದುವರಿಯದು. ಇಲ್ಲಿಗೆ ಬಂದಾಗ ನಾನು ಫೋನ್ ಒತ್ತಿ ನಿಲ್ಲಿಸಿದೆ.

ಎಲ್ಲರ ಕೈಯಲ್ಲೂ ಕನ್ನಡ ಭಾವಾರ್ಥದ ಜೆರಾಕ್ಸ್ ಇತ್ತು. ನಾನೇ ಬರೆದದ್ದು, ಅದರಲ್ಲೂ ಕೊನೆಯ ಚರಣ ಇರಲಿಲ್ಲ. ಯಾರೋ ಹುಡುಗ ‘ಹಿಂದೂ ಅಂತಾನೂ ಹೇಳಿದ್ದಾರಲ್ಲ ಸಾರ್, ನಾವು ಯಾವಾಗ ಹೋದ್ವಿ?’ ಎಂದ. ಇನ್ನೊಬ್ಬಳು ‘ಮಹಾಭಾರತ’ ಎಂದಳು. ಮಾತು ಚೆನ್ನಾಗಿ ಏರುತ್ತಿದೆ ಎಂದು ನಾನು ಖುಷಿಪಡುತ್ತಿದ್ದಾಗ ಸುಬೇದಾರರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು, ಕೊಡೆ ತೆಗೆದುಕೊಂಡರು. ಬಾಗಿಲಲ್ಲಿ ನಿಂತು ಒಂದೇ ಮಾತು: ‘ಅವನು, ಅವನು, ಅವನು. ಹದಿನಾಲ್ಕು ಸಲ ಬರೆದಿದ್ದೀರಿ ಮೇಷ್ಟ್ರೇ, ಎಣಿಸಿದೆ.’ ಅವರ ಹಿಂದೆ ಇನ್ನಿಬ್ಬರು ಎದ್ದರು.

ಆ ರಾತ್ರಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಯುದ್ಧವಿರೋಧಿ ವಿಚಾರವನ್ನು ಮಾಜಿ ಸೈನಿಕರಿಗೆ ಸಹಿಸಲಾಗಲಿಲ್ಲ’ ಎಂದು ಬರೆದೆ. ಈ ಪ್ರಕರಣದಲ್ಲಿ ನನ್ನ ಅತಿ ದೊಡ್ಡ ತಪ್ಪು ಆ ವಾಕ್ಯ. ಅದಕ್ಕೆ ಬೆಂಬಲವೂ ಸುಲಭವಾಗಿ ಸಿಕ್ಕಿತು. ಈ ಹಾಡು ಬಂದಾಗ ಅಮೆರಿಕದಲ್ಲೂ ಹೀಗೇ ಆಗಿತ್ತಲ್ಲ. 1965ರಲ್ಲಿ ಜ್ಯಾನ್ ಬೆರಿ ಎಂಬ ಗಾಯಕ ಇದಕ್ಕೆ ಎದುರಾಗಿ ‘ಯೂನಿವರ್ಸಲ್ ಕವರ್ಡ್’ ಎಂದು ಹಾಡನ್ನೇ ಮಾಡಿ, ಹೇಡಿ ಯಾರೆಂದರೆ ಯುದ್ಧ ವಿರೋಧಿಸುವವನು ಎಂದಿದ್ದ. ನನ್ನ ಹಾಲಿನಲ್ಲಿ ಅದರ ಮರುಪ್ರದರ್ಶನ ನಡೆದಿದೆ ಎಂದುಕೊಂಡು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಪಟ್ಟೆ.

ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಗಲಾಟೆ. ‘ಕಲೆಗೆ ಸ್ವಾತಂತ್ರ್ಯ ಬೇಡವೆ’ ಎಂದು ಮಕ್ಕಳು. ‘ನೀವು ನೆಮ್ಮದಿಯಾಗಿ ಮಲಗುವುದು ಯಾರಿಂದ’ ಎಂದು ದೊಡ್ಡವರು. ಹಾಡಿನ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲ. ಮೂರನೇ ದಿನ ಹಾಲಿನವರು ಫೋನ್ ಮಾಡಿ, ‘ಮೇಷ್ಟ್ರೇ, ಮುಂದಿನ ಸಲ ಭಾವಗೀತೆ ಇಟ್ಕೊಳ್ಳಿ’ ಎಂದರು.

ಮಾಡಿ ನೋಡಿದ್ದು

ಮೊದಲು ಕ್ಷಮೆ ಕೇಳಿದೆ. ಸುಬೇದಾರರಿಗೆ ಫೋನ್ ಮಾಡಿ ‘ನಿಮ್ಮ ಭಾವನೆಗೆ ನೋವಾಗಿದ್ದರೆ’ ಎಂದು ಶುರು ಮಾಡಿದೆ. ‘ನನ್ನ ಭಾವನೆ ಬಿಡಿ. ಆಮೇಲೆ ಮಾತಾಡೋಣ’ ಎಂದು ಇಟ್ಟುಬಿಟ್ಟರು.

ಆಮೇಲೆ ಅಪಾಯವಿಲ್ಲದ ಹಾಡು ಹಾಕಿದೆ. ಆಗಸ್ಟ್ ಕೂಟ ಕೊಡವರ ಕಕ್ಕಡ ತಿಂಗಳ ಹದಿನೆಂಟರ ಆಸುಪಾಸಿಗೆ ಬಂದಿತ್ತು. ಯಾರೋ ಮದ್ದುಸೊಪ್ಪಿನ ಪಾಯಸ ತಂದಿದ್ದರು, ಲೋಟದಲ್ಲಿ ನೇರಳೆ ಬಣ್ಣ. ಜಾನ್ ಲೆನನ್‌ರ 1971ರ ‘ಇಮ್ಯಾಜಿನ್’ ಕೇಳಿಸಿದೆ. ದೇಶಗಳೇ ಇಲ್ಲವೆಂದುಕೊಳ್ಳಿ, ಧರ್ಮವೂ ಇಲ್ಲ, ಆಸ್ತಿಯೂ ಇಲ್ಲ ಎನ್ನುವ ಹಾಡು. ಯೋಚಿಸಿದರೆ ಸೈನಿಕನನ್ನು ಬೈಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಖಾರ. ಎಲ್ಲರೂ ಚಪ್ಪಾಳೆ ತಟ್ಟಿದರು. ನೂರು ಎಕರೆ ಇರುವವರೂ ತಟ್ಟಿದರು, ದಿನಾ ಪೂಜೆ ಮಾಡುವವರೂ ತಟ್ಟಿದರು. ‘ಮ್ಯೂಸಿಕ್ ಶಾಂತವಾಗಿದೆ’ ಎಂದರು. ಮಾತು ಹುಟ್ಟಲೇ ಇಲ್ಲ, ಪಾಯಸ ಮುಗಿಸಿ ಐದಕ್ಕೇ ಎದ್ದೆವು. ಪಿಯಾನೊ ಮೆಲ್ಲಗಿದ್ದರೆ ಜನ ಏನು ಹೇಳಿದರೂ ಒಪ್ಪುತ್ತಾರೆಂದು ಅಂದುಕೊಂಡು ಮನೆಗೆ ಬಂದೆ.

ಸೆಪ್ಟೆಂಬರ್ ಮೊದಲ ವಾರ ಕೈಲ್ ಪೋಳ್ದ್, ಕೊಡವರ ಆಯುಧಪೂಜೆಯ ಹಬ್ಬ. ಹಬ್ಬ ಕಳೆದ ಮರುದಿನ ಸುಬೇದಾರರೇ ಕರೆದರು. ಹೋದೆ. ಹಬ್ಬದಲ್ಲಿ ಪೂಜೆಗಿಟ್ಟ ಕೋವಿ ಇನ್ನೂ ಅಲ್ಲೇ ಇತ್ತು, ಸಿಕ್ಕಿಸಿದ್ದ ತೋಕ್ ಪೂ ಬಾಡಿರಲಿಲ್ಲ. ಕೆಂಪು ಹಳದಿ ಎಸಳು ಬೆಂಕಿಯ ನಾಲಗೆಯಂತೆ ಮೇಲಕ್ಕೆ ಬಾಗಿರುವ ಹೂವು. 1967ರ ಅಕ್ಟೋಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್ ಎದುರು ವಿಯೆಟ್ನಾಂ ಯುದ್ಧದ ವಿರೋಧಿಗಳು ಮಿಲಿಟರಿ ಪೊಲೀಸರ ಬಂದೂಕಿನ ನಳಿಗೆಗೆ ಹೂವಿಟ್ಟ ಫೋಟೊ ನನಗೆ ನೆನಪಾಯಿತು. ಅಲ್ಲಿ ಹೂವು ಬಂದೂಕಿಗೆ ಬೇಡ ಎಂದಿತ್ತು. ಇಲ್ಲಿ ಅದು ಕೋವಿಗೆ ಸಂದ ಮರ್ಯಾದೆ. ಹೇಳಲು ಬಾಯಿ ತೆರೆದು ಸುಮ್ಮನಾದೆ. ಬುದ್ಧಿ ಒಂದು ಚೂರು ಬಂದಿತ್ತು.

ಬೆಲ್ಲದ ಕಾಫಿ ಕೊಟ್ಟರು. ‘ಆ ಹಾಳೆ ಇದೆಯಾ?’ ಎಂದರು. ಚೀಲದಲ್ಲಿ ನಾನು ಕೈಯಲ್ಲಿ ಬರೆದ ಮೂಲ ಪ್ರತಿ ಇತ್ತು, ಕೊಟ್ಟೆ. ಕನ್ನಡಕ ಹಾಕಿ ಕೆಳಗಿನಿಂದ ಓದತೊಡಗಿದರು. ಹಾಳೆಯ ತುದಿಯಲ್ಲಿ ಪೆನ್ಸಿಲಿನಲ್ಲಿ ಕೊನೆಯ ಚರಣದ ಭಾವಾರ್ಥ ಬರೆದಿಟ್ಟಿದ್ದೆ: ತಪ್ಪು ಅವನದು ನಿಜ, ಆದರೆ ಅವನಿಗೆ ಈಗ ಆಜ್ಞೆ ದೂರದಿಂದ ಬರುವುದಿಲ್ಲ, ಇಲ್ಲಿಂದಲೇ, ನಿನ್ನಿಂದ, ನನ್ನಿಂದ ಬರುತ್ತದೆ.

‘ಇದು ಯಾಕೆ ಹಾಕ್ಲಿಲ್ಲ?’

‘ಟೈಮ್ ಆಗಿತ್ತು ಸಾರ್. ಆನೆ...’

‘ಹಾಡು ಎಷ್ಟು ಉದ್ದ?’

ಎರಡು ನಿಮಿಷ ಚಿಲ್ಲರೆಯ ಹಾಡು. ಆ ದಿನ ನಾನು ನಿಲ್ಲಿಸಿದಾಗ ಇನ್ನೂ ನಾಲ್ಕೂವರೆ. ಸಮಯದ ಮಾತು ಬರೀ ನೆಪ. ‘ತಪ್ಪು ಯಾರದು’ ಎಂಬ ಪ್ರಶ್ನೆ ಬಿಸಿಯಾಗಿರುವಾಗಲೇ ಚರ್ಚೆ ಕಾವೇರಲಿ ಎಂದು, ಪಾಠದಲ್ಲಿ ಮಾಡುವ ಹಾಗೆ, ಬೇಕೆಂದೇ ಅಲ್ಲಿ ತುಂಡು ಮಾಡಿದ್ದೆ. ಅದನ್ನು ಹೇಳಿದೆ. ಅವರು ಹಾಳೆ ಕೆಳಗಿಟ್ಟರು.

‘ಇದನ್ನ ಕೇಳಿಸಿದ್ರೆ ಕೂತಿದ್ದವರೆಲ್ಲ ಏಳಬೇಕಿತ್ತು ಮೇಷ್ಟ್ರೇ. ನಾವು ಮೂರೇ ಜನ ಎದ್ವಿ.’

ಆಮೇಲೆ ‘ಅವನು’ ಬಗ್ಗೆ ಕೇಳಿದೆ. ಪದ್ಯದಲ್ಲಿ ಏಕವಚನ ಸಹಜ, ದೇವರಿಗೂ ‘ಅವನು’ ಅನ್ನುತ್ತೇವೆ ಎಂದು ವಾದಿಸಿದೆ. ಅವರು ಅದನ್ನು ಅಲ್ಲಗಳೆಯಲಿಲ್ಲ. ‘ಪೇಪರ್‌ನವರು ಸತ್ತಾಗ ವೀರಯೋಧರು ಅಂತಾರೆ. ನೀವು ಬದುಕಿದ್ದಾಗಲೇ ಅವನು ಅಂತೀರಿ. ಎರಡರ ಮಧ್ಯೆ ನಮ್ಮನ್ನ ಏನಂತ ಕರೀತೀರಿ ಅಂತ ನೋಡ್ತಿದ್ದೆ’ ಎಂದರು. ಅವರು 1987ರಲ್ಲಿ ಶ್ರೀಲಂಕಾಕ್ಕೆ ಹೋದ ಭಾರತದ ಶಾಂತಿಪಾಲನಾ ಪಡೆಯಲ್ಲಿದ್ದವರೆಂದು ನನಗೆ ತಿಳಿದದ್ದು ಆವತ್ತೇ. ಆ ಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಅಲ್ಲಿ ಸತ್ತರು, 1990ರಲ್ಲಿ ಉಳಿದವರನ್ನು ವಾಪಸ್ ಕರೆಸಿಕೊಳ್ಳಲಾಯಿತು. ‘ಯಾಕೆ ಹೋದ್ವಿ ಅಂತ ಹೋಗುವಾಗಲೂ ಗೊತ್ತಿರಲಿಲ್ಲ, ಬರುವಾಗಲೂ ಯಾರೂ ಹೇಳ್ಲಿಲ್ಲ’ ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಈ ಮನುಷ್ಯನಿಗೆ ಯುದ್ಧವಿರೋಧವನ್ನು ನಾನು ಕಲಿಸಲು ಹೊರಟಿದ್ದೆ.

ಹತ್ತಿರ ಬಂದ ಹಾಡುಗಳು

ಸೆಪ್ಟೆಂಬರ್ ಕೂಟಕ್ಕೆ ‘ಫಾರ್ಚುನೇಟ್ ಸನ್’ ಹಾಕಿದೆ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 1969ರ ಹಾಡು. ಬರೆದ ಜಾನ್ ಫೋಗರ್ಟಿ ತಾನೇ ಆರ್ಮಿ ರಿಸರ್ವ್‌ನಲ್ಲಿ ಇದ್ದು ಬಂದವರು. ಸೆನೆಟರನ ಮಗ, ಸಾಹುಕಾರನ ಮಗ ಬಾವುಟ ಬೀಸಿ ಮನೆಯಲ್ಲೇ ಉಳಿಯುತ್ತಾರೆ, ಹೋಗುವವನು ನಾನು ಎನ್ನುತ್ತದೆ. ಈ ಸಲ ಪೂರ್ತಿ ಕೇಳಿಸಿದೆ, ಮೊದಲು ವಿವರಣೆ ಕೊಡಲಿಲ್ಲ, ಹಾಳೆಯನ್ನು ಕೊನೆಗೆ ಹಂಚಿದೆ. ಮಾಜಿ ಸೈನಿಕರು ಮೇಜು ಕುಟ್ಟಿದರು! ಹವಾಲ್ದಾರ್ ಒಬ್ಬರು ‘ಇದು ನಮ್ಮ ಹಾಡು’ ಎಂದರು. 2014ರಲ್ಲಿ ವಾಷಿಂಗ್ಟನ್‌ನಲ್ಲಿ ಮಾಜಿ ಸೈನಿಕರ ದಿನದ ಕಛೇರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಜೊತೆಯವರು ಇದೇ ಹಾಡು ಹಾಡಿದಾಗ, ಸೈನಿಕರ ಎದುರು ಸೈನ್ಯವಿರೋಧಿ ಹಾಡೇ ಎಂದು ಕೆಲವರು ಕೂಗಾಡಿದ್ದರು. ಇದು ಸೈನಿಕರ ಪರವಾದ ಹಾಡು ಎಂದು ಇನ್ನು ಕೆಲವರು. ನಮ್ಮ ಹವಾಲ್ದಾರರು ಯಾವ ಗುಂಪೆಂದು ಹೇಳಬೇಕಿಲ್ಲ. ಮುಂದಿನ ಸಾಲಿನ ಸಾಹುಕಾರರೂ ತಲೆದೂಗಿದರು. ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಈ ಹಾಡಿನಲ್ಲಿ ತಾವು ಯಾವ ಕಡೆ ಇದ್ದೇವೆಂದು ಅವರಿಗೆ ಹೊಳೆದಂತಿರಲಿಲ್ಲ, ನನಗೂ ಕೇಳುವ ಧೈರ್ಯ ಬರಲಿಲ್ಲ.

ಇಷ್ಟರ ಬಲದಿಂದ ಅಕ್ಟೋಬರ್‌ಗೆ ಎರಡು ಹಾಡು ಇಟ್ಟೆ. ಒಂದು ದೂರದ್ದು, ಒಂದು ನಮ್ಮದು.

ದೂರದ್ದು ಎರಿಕ್ ಬೋಗಲ್ 1971ರಲ್ಲಿ ಬರೆದ ‘ಆ್ಯಂಡ್ ದ ಬ್ಯಾಂಡ್ ಪ್ಲೇಡ್ ವಾಲ್ಟ್ಸಿಂಗ್ ಮಟಿಲ್ಡಾ’. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಕ್ಕೆ ಹೋದವರು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಟರ್ಕಿಯ ಗ್ಯಾಲಿಪೊಲಿಯಲ್ಲಿ ಎರಡೂ ಕಾಲು ಕಳೆದುಕೊಂಡ ಸೈನಿಕನೊಬ್ಬ ಹಾಡುವ ದೀರ್ಘ ಕಥನ ಅದು. ಹಡಗು ಹೊರಡುವಾಗ ಬ್ಯಾಂಡು ನುಡಿಸುತ್ತದೆ, ಸತ್ತವರನ್ನು ಹೂಳುವಾಗ ನುಡಿಸುತ್ತದೆ. ಕೈಕಾಲಿಲ್ಲದವರು, ಕಣ್ಣಿಲ್ಲದವರು ವಾಪಸ್ ಬಂದು ಇಳಿಯುವಾಗಲೂ ಬ್ಯಾಂಡಿದೆ, ಆದರೆ ಜನ ಜೈಕಾರ ಹಾಕುವುದಿಲ್ಲ. ನಿಂತು ನೋಡಿ ಮುಖ ಆಚೆ ತಿರುಗಿಸುತ್ತಾರೆ. ಆ ಸಾಲಿನ ಹೊತ್ತಿಗೆ ಸರಿಯಾಗಿ ಮಾಡಿನ ಮೇಲೆ ಮಳೆ ಬಂತು. ನಾನು ಸೌಂಡ್ ಪೂರ್ತಿ ಏರಿಸಿದೆ. ಸುಬೇದಾರರು ಸ್ಪೀಕರಿನ ಕಡೆಗೆ ಕುರ್ಚಿ ಎಳೆದುಕೊಂಡು, ಮೊಣಕಾಲ ಮೇಲೆ ಮೊಣಕೈ ಊರಿ, ಬಾಗಿ ಕೇಳಿದರು.

ಮುಗಿದ ಮೇಲೆ ಮೊದಲು ಮಾತಾಡಿದ್ದು ಒಬ್ಬ ಆನರರಿ ಕ್ಯಾಪ್ಟನ್. ‘ಹಾಡಿನಲ್ಲಿ ಸುವ್ಲಾ ಅಂತಾನೆ, ತಪ್ಪು. ಆಸ್ಟ್ರೇಲಿಯದವರು ಏಪ್ರಿಲ್‌ನಲ್ಲಿ ಇಳಿದದ್ದು ಈಗ ಆನ್ಜಾಕ್ ಕೋವ್ ಅನ್ನೋ ಕಡೆ. ಸುವ್ಲಾ ಆಮೇಲೆ, ಆಗಸ್ಟ್‌ನಲ್ಲಿ’ ಎಂದರು. ಅವರು ಹೇಳಿದ್ದು ಸರಿ. ಮುಂದುವರಿದು, ‘ನಮ್ಮವರೂ ಇದ್ರು ಅಲ್ಲಿ. 29ನೇ ಇಂಡಿಯನ್ ಬ್ರಿಗೇಡ್, ಮತ್ತೆ ಹೇಸರಗತ್ತೆ ಕೋರ್. ಗುಂಡು, ನೀರು ಮೇಲಕ್ಕೆ ಹೊತ್ತದ್ದು ಅವ್ರ ಹೇಸರಗತ್ತೆಗಳು. ಅವ್ರ ಮೇಲೆ ಹಾಡಿಲ್ಲ’ ಎಂದರು. ಜೂನ್‌ನಲ್ಲಿ ಗೋರಿಯ ಮಾತಾಡಿದ್ದ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು. ಸುಬೇದಾರರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ನಮ್ಮದು. ಸಿದ್ಧಲಿಂಗಯ್ಯನವರ, ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು ಎಂದು ಕೇಳುವ ಹಾಡು. ಎಪ್ಪತ್ತರ ದಶಕದಿಂದ ದಲಿತ ಚಳವಳಿಯ ಜಾಥಾಗಳಲ್ಲಿ ಹಾಡಿ ಹಾಡಿ ಸವೆದು ಗಟ್ಟಿಯಾದದ್ದು. ಇದಕ್ಕೆ ಜೆರಾಕ್ಸ್ ಬೇಡ, ಭಾವಾರ್ಥ ಬೇಡ. ಮೊದಲ ಸಾಲಿಗೇ ಬಾಗಿಲ ಬೆಂಚಿನ ಹುಡುಗನ ತುಟಿ ಅಲ್ಲಾಡತೊಡಗಿತು. ಮುಂದಿನ ಸಾಲಿನಲ್ಲಿ ಸಾಹುಕಾರರು ಫೋನ್ ತೆಗೆದು ನೋಡಿದರು. ಹಾಲಿನ ಕಿಟಕಿ ರಸ್ತೆಗೆ ತೆರೆದಿತ್ತು, ಮಳೆ ನಿಂತಿತ್ತು, ಕೆಳಗೆ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ನನ್ನ ಕೈ ತಾನಾಗಿಯೇ ಹೋಗಿ ಸೌಂಡ್ ಇಳಿಸಿತು. ಪೂರ್ತಿ ಕೇಳಿಸಿದೆ, ತುಂಡು ಮಾಡಲಿಲ್ಲ, ಅದೇನೋ ದೊಡ್ಡ ಸಾಧನೆ ಎನ್ನುವಂತೆ.

‘ಇದು ರಾಜಕೀಯ. ಮೊದಲನೇದು ಕಲೆ’ ಎಂದರು ಕ್ಯಾಪ್ಟನ್. ಒಂದಿಬ್ಬರು ಹೌದೆಂದರು. ನಾನು ಏನೋ ಸಮಾಧಾನದ ಮಾತು ಜೋಡಿಸುತ್ತಿದ್ದಾಗ ಬಾಗಿಲ ಹತ್ತಿರದಿಂದ ಹುಡುಗ ಎದ್ದು ನಿಂತ. ಅಷ್ಟು ತಿಂಗಳಲ್ಲಿ ಮೊದಲ ಸಲ.

‘ಆಸ್ಟ್ರೇಲಿಯದ ಹಾಡಿಗೆ ಸೌಂಡ್ ಜಾಸ್ತಿ ಇತ್ತು ಮೇಷ್ಟ್ರೇ.’

ಅಷ್ಟೇ ಹೇಳಿ ಕೂತ. ಸಿಟ್ಟಿರಲಿಲ್ಲ, ಅಳತೆ ಹೇಳುವವನ ಹಾಗೆ ಹೇಳಿದ. ಎಲ್ಲಿ ಕಲಿತೆ ಈ ಹಾಡು ಎಂದು ಅಕ್ಕ ಕೇಳಿದರು. ‘ದಿಡ್ಡಳ್ಳಿಲಿ’ ಎಂದ. 2016ರ ಡಿಸೆಂಬರ್‌ನಲ್ಲಿ ಅಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕಿತ್ತು ಹಾಕಿದ ಮೇಲೆ ತಿಂಗಳುಗಟ್ಟಲೆ ಹೋರಾಟ ನಡೆಯಿತಲ್ಲ, ಆಗ ಅಮ್ಮನ ಜೊತೆ ಹೋಗಿದ್ದ ಸಣ್ಣ ಹುಡುಗ ಇವನು. ಚಳಿಗೆ ಬೆಂಕಿ ಹಾಕಿ ಕೂತವರು ಹಾಡುತ್ತಿದ್ದರಂತೆ. ಹಾಲಿನಲ್ಲಿ ಯಾರೂ ಮಾತಾಡಲಿಲ್ಲ. ಸಾಹುಕಾರರು, ‘ಲೇಟಾಯ್ತು, ಆನೆ ಇರುತ್ತೆ’ ಎಂದು ಎದ್ದರು. ಗಂಟೆ ಐದು ಹತ್ತು.

ಏನಾಯಿತು

ಬಳಗ ಚಿಕ್ಕದಾಯಿತು. ಸಾಹುಕಾರರು ಮತ್ತೆ ಬರಲಿಲ್ಲ, ಅವರ ಸ್ನೇಹಿತರೊಬ್ಬರೂ ಇಲ್ಲ. ಅವರು ಬರದಿದ್ದದ್ದು ಹುಡುಗನ ಮೇಲೆ, ಅವನ ತಾಯಿಯ ಕೆಲಸದ ಮೇಲೆ ತಿರುಗಬಹುದೆಂಬ ಭಯ ನನಗೆ ವಾರಗಟ್ಟಲೆ ಇತ್ತು. ಹಾಗೇನೂ ಆಗಲಿಲ್ಲ. ಆದರೆ ಹಾಡು ಇಡುವ ಮೊದಲೇ ನಾನು ಅದನ್ನು ಯೋಚಿಸಬೇಕಿತ್ತು. ಕೇಳುಗನ ಪ್ರತಿಕ್ರಿಯೆಯನ್ನು ಕೂಟ ನಡೆಸುವವನು ಸಂತೋಷದಿಂದ ಬರೆದುಕೊಳ್ಳುತ್ತಾನೆ. ಅದರ ಬೆಲೆ ತೆರುವವನು ಬೇರೆ ಯಾರೋ ಆಗಿರಬಹುದು. ಸುಬೇದಾರರಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇತ್ತು, ಪಿಂಚಣಿ ಇತ್ತು, ಸ್ವಂತ ಮನೆ ಇತ್ತು. ಎದ್ದು ನಿಲ್ಲಲು ಹುಡುಗನಿಗೆ ಐದು ತಿಂಗಳು ಬೇಕಾಯಿತು.

ಜುಲೈಯ ಆ ವಾಕ್ಯವನ್ನು ಹೊಡೆದುಹಾಕಿ ಪುಸ್ತಕದಲ್ಲಿ ಈಗ ಬೇರೆ ಲೆಕ್ಕ ಬರೆದಿದ್ದೇನೆ. ನಾನು ದಾಖಲಿಸಿದ ಪ್ರತಿಕ್ರಿಯೆಗಳಲ್ಲಿ ಅರ್ಧಕ್ಕರ್ಧ ಹಾಡಿಗೆ ಬಂದವೇ ಅಲ್ಲ. ಒಂದು ನನ್ನ ಕತ್ತರಿಗೆ ಬಂದದ್ದು, ಒಂದು ನನ್ನ ಏಕವಚನಕ್ಕೆ, ಒಂದು ಸ್ಪೀಕರಿನ ಗುಂಡಿಗೆ. ಎಲ್ಲಿಯ ಹಾಡು, ಯಾರ ಯುದ್ಧ ಎನ್ನುವುದರ ಮೇಲೆ ನನ್ನ ಕೈ ಏರುತ್ತಿತ್ತು, ಇಳಿಯುತ್ತಿತ್ತು. ಲೆನನ್‌ಗೆ ಬಂದ ಚಪ್ಪಾಳೆಯನ್ನೂ ಈ ಲೆಕ್ಕಕ್ಕೇ ಸೇರಿಸಬೇಕು: ಅಲ್ಲಿ ಆಸ್ತಿ ಬಿಡಬೇಕಾದವನು ಯಾರೆಂದು ಹೇಳದೆ ದಾಟಿಸಿದ್ದೆ.

ಈಗ ಕೂಟದಲ್ಲಿ ಕೆಲವು ಪದ್ಧತಿ ಮಾಡಿಕೊಂಡಿದ್ದೇವೆ. ಹಾಡನ್ನು ಮಧ್ಯೆ ನಿಲ್ಲಿಸುವಂತಿಲ್ಲ. ಹಿನ್ನೆಲೆ ಹೇಳುವುದಿದ್ದರೆ ಹಾಡು ಮುಗಿದ ಮೇಲೆ. ಸ್ಪೀಕರ್ ನನ್ನ ಕೈಯಲ್ಲಿರುವುದಿಲ್ಲ. ಶುರುವಿನಲ್ಲಿ ಹುಡುಗನೋ ಅಕ್ಕನೋ ಸೌಂಡ್ ಇಟ್ಟರೆ ಕೊನೆಯವರೆಗೆ ಅದೇ. ಭಾವಾರ್ಥದ ಹಾಳೆಯನ್ನು ಆ ಹಾಡು ಯಾರ ಬಗ್ಗೆಯೋ ಅಂಥವರಲ್ಲಿ ಒಬ್ಬರು ಮೊದಲು ಓದಿ ಕೊಡಬೇಕು. ಇದರಿಂದ ಚರ್ಚೆ ನಿಧಾನವಾಯಿತು, ಕೆಲವು ಸಂಜೆ ಬೋರೂ ಹೊಡೆಸಿತು. ಬಿಸಿಬಿಸಿ ಮಾತು ಬೇಕೆಂದು ಬರುತ್ತಿದ್ದ ಇಬ್ಬರು ಹುಡುಗರು ಬರುವುದು ಬಿಟ್ಟರು.

ನವೆಂಬರ್‌ನಲ್ಲಿ ‘ಯೂನಿವರ್ಸಲ್ ಸೋಲ್ಜರ್’ ಮತ್ತೆ ಹಾಕಿದೆವು, ಪೂರ್ತಿ. ಹಾಳೆಯನ್ನು ತಿದ್ದಿದವರು ಸುಬೇದಾರರು. ಹದಿನಾಲ್ಕರಲ್ಲಿ ಹದಿಮೂರು ‘ಅವನು’ ಹೋಗಿ ‘ಸಿಪಾಯಿ’ ಆಗಿತ್ತು. ಹಿಟ್ಲರನ ಸಾಲಿನಲ್ಲಿ ಒಂದನ್ನು ಹಾಗೇ ಉಳಿಸಿದ್ದರು. ಯಾಕೆಂದು ಕೇಳಿದರೆ, ‘ಅಲ್ಲಿ ಇರಲಿ, ಅವನು ಅವನೇ’ ಎಂದರು. ಹಾಡು ಮುಗಿದ ಮೇಲೆ ಅವರು ಹೇಳಿದ್ದು ಇಷ್ಟು: ಈ ಹೆಂಗಸು ಹೇಳುವುದನ್ನು ತಾನು ಒಪ್ಪುವುದಿಲ್ಲ, ಆಜ್ಞೆ ಪಾಲಿಸಿದವನನ್ನು ಮೊದಲು ಬೈದು ಕೊಟ್ಟವನನ್ನು ಕೊನೆಯ ಸಾಲಿಗೆ ಇಡುವುದು ನ್ಯಾಯವಲ್ಲ. ಡಿಗ್ರಿ ಓದುವ ಹುಡುಗಿ, ‘ಕೊನೆಯ ಸಾಲೇ ಅಲ್ವಾ ಅಂಕಲ್ ಮನಸ್ಸಲ್ಲಿ ಉಳಿಯೋದು?’ ಎಂದಳು. ‘ಉಳಿಯೋದು ಮೇಷ್ಟ್ರು ಪ್ಲೇ ಮಾಡಿದ್ರೆ’ ಎಂದರು. ಎಲ್ಲರೂ ನಕ್ಕರು. ನಾನೂ.

ಡಿಸೆಂಬರ್‌ನಲ್ಲಿ ಕೊಯ್ಲು ಶುರುವಾದರೆ ಕೂಟ ಇಲ್ಲ. ಮುಂದಿನ ಮಳೆಗಾಲಕ್ಕೆ ಯಾವ ಹಾಡು ಬೇಕೆಂದು ರಿಜಿಸ್ಟರಿನ ಹಿಂದಿನ ಪುಟದಲ್ಲಿ ಬರೆಯಿರಿ ಎಂದಿದ್ದೆ. ಏಳು ಹಾಡು ಇವೆ. ಐದರ ಹೆಸರನ್ನೇ ನಾನು ಕೇಳಿಲ್ಲ. ಆರನೆಯದು ಹುಡುಗನ ಅಕ್ಷರ: ‘ನಮ್ಮ ಭಾಷೆಯ ಒಂದು ಹಾಡು. ಫೋನಿನಲ್ಲಿ ಇಲ್ಲ. ಅಮ್ಮ ಬಂದು ಹಾಡಬೇಕು, ದುಡಿ ಬೇಕು. ಬರುತ್ತಾರೋ ಇಲ್ಲವೋ ಗೊತ್ತಿಲ್ಲ.’ ಅದರ ಕೆಳಗೆ ಸುಬೇದಾರರು ಪೆನ್ಸಿಲಿನಲ್ಲಿ ಬರೆದಿದ್ದಾರೆ: ‘ಸಂಜೆ ಇಡಬೇಡಿ. ಆ ಲೈನಿನ ದಾರಿಯಲ್ಲಿ ಆನೆ ಇದೆ. ಬೆಳಿಗ್ಗೆ ಹತ್ತಕ್ಕೆ ಇಡಿ, ಜೀಪ್ ಕಳಿಸುತ್ತೇನೆ.’